ಅಜ್ಜನ ಎಡ ನಳಿಗೆ

ನಾನು ಆರನೇ ಇಯತ್ತೆಯಲ್ಲಿದ್ದ ವರ್ಷ, ಶೀಗಿ ಹುಣ್ಣಿಮೆಯ ಮಧ್ಯಾಹ್ನ, ದುಮ್ಮವಾಡದ ಹತ್ತಿರದ ನಮ್ಮ ಹೊಲದಲ್ಲಿ ಅಜ್ಜ ಎಂಟು ಮಣ್ಣಿನ ಪಣತಿಗಳಿಗೆ ಗುರಿಯಿಟ್ಟು ಒಂದನ್ನು ಒಡೆದ. ಕಾಕಾ ಎಂಟರಲ್ಲಿ ಆರು ಒಡೆದ. ಲೆಕ್ಕ ಬರೆದವಳು ನಾನು.

ಆಗ ನಮ್ಮ ಕಡೆ ಕಾಡಿನ ಅಂಚಿಗೆ ಹೊಲವಿದ್ದವರ ಕೆಲವು ಮನೆಗಳಲ್ಲಿ ಬಂದೂಕು ಇರುತ್ತಿತ್ತು. ಗೋವಿನಜೋಳ ತೆನೆ ಹಿಡಿದರೆ ಹಂದಿಗಳು ಬರುತ್ತಿದ್ದವು. ಗಾಳಿಗೆ ಒಂದು ಗುಂಡು ಹಾರಿಸಿದರೆ ಎರಡು ದಿನ ಆ ಕಡೆ ಸುಳಿಯುತ್ತಿರಲಿಲ್ಲ. ನಮ್ಮದು ಎರಡು ನಳಿಗೆಯ ಬಂದೂಕು. ಬೆರಳಿನಿಂದ ಎಳೆಯುವ ಕುದುರೆಯೂ ಎರಡು: ಮುಂದಿನದನ್ನು ಎಳೆದರೆ ಬಲ ನಳಿಗೆ, ಹಿಂದಿನದನ್ನು ಎಳೆದರೆ ಎಡ ನಳಿಗೆ. ಲೈಸೆನ್ಸು ಇದ್ದದ್ದು ಬೆಳೆ ಕಾಯುವುದಕ್ಕೆ, ಪಣತಿ ಒಡೆಯುವುದಕ್ಕಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಶೀಗಿ ಹುಣ್ಣಿಮೆಗೆ ಇಡೀ ಮನೆ ಚಕ್ಕಡಿ ಹತ್ತಿ ಹೊಲಕ್ಕೆ ಹೋಗುತ್ತಿತ್ತು. ಪೂಜೆ ಮಾಡಿ, ಬೆಳೆಯ ಸುತ್ತ ನೈವೇದ್ಯದ ಚರಗ ಚೆಲ್ಲಿ, ಬನ್ನಿಗಿಡದ ನೆರಳಿನಲ್ಲಿ ಊಟಕ್ಕೆ ಕೂರುತ್ತಿದ್ದೆವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು, ಗಡಿಗೆಯಲ್ಲಿ ಮೊಸರನ್ನ. ಊಟದ ನಂತರ ಹೆಂಗಸರು ಎಲೆ ಅಡಿಕೆ ಬಿಚ್ಚಿದರೆ, ಗಂಡಸರು ಹಳ್ಳದ ದಂಡೆಯ ಕಲ್ಲುನೆಲಕ್ಕೆ ಹೋಗುತ್ತಿದ್ದರು. ದೀಪಾವಳಿ ಹತ್ತಿರವಿರುತ್ತಿದ್ದುದರಿಂದ ಕುಂಬಾರರ ಭಟ್ಟಿಯಲ್ಲಿ ಬಿರುಕುಬಿಟ್ಟ ಪಣತಿಗಳು ಬುಟ್ಟಿಗಟ್ಟಲೆ ಸಿಗುತ್ತಿದ್ದವು. ನಮ್ಮ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಮಾಬುಸಾಬ ಹಿಂದೆ ನಿಂತು ಅವನ್ನು ಒಂದೊಂದಾಗಿ ಹಳ್ಳದ ಕಡೆ ಬೀಸಿ ಒಗೆಯುತ್ತಿದ್ದ. ಹಾರುವ ಪಣತಿಗೆ ಹೊಡೆಯಬೇಕು.

ಚೂರು ಹಾರಿದರೆ ಲೆಕ್ಕಕ್ಕೆ ಉಂಟೋ ಇಲ್ಲವೋ ಎಂದು ಪ್ರತಿ ವರ್ಷ ಜಗಳವಾಗುತ್ತಿತ್ತು. ಅದಕ್ಕೆ ಹಿಂದಿನ ವರ್ಷ ಅಜ್ಜನೇ ನನ್ನನ್ನು ಲೆಕ್ಕಕ್ಕೆ ನೇಮಿಸಿದ್ದ. "ಇಕಿ ಕಂಡದ್ದನ್ನ ಬರಿತಾಳ" ಎಂದಿದ್ದ. ಮನೆಯಲ್ಲಿ ಅವನಿಗೆ ದಿನಾ ಬೆಳಿಗ್ಗೆ ಪೇಪರ್ ಓದಿ ಹೇಳುತ್ತಿದ್ದವಳೂ ನಾನೇ. ಕಣ್ಣು ಮಂದವಾಗಿದ್ದವು.

ಒಂದಕ್ಕೆ ಆರು ಎಂದು ನಾನು ಓದಿದಾಗ ಅಜ್ಜ ಮೊದಲು ತೋಟಾಗಳನ್ನು ಅನುಮಾನಿಸಿದ. ತೇವಕ್ಕೆ ಸರ್ದಿ ಹಿಡಿದಿರಬೇಕು ಎಂದು ಖಾಲಿ ತೋಟಾ ಮೂಸಿ ನೋಡಿದ. ಆಮೇಲೆ ಬುಟ್ಟಿಯಲ್ಲಿ ಉಳಿದ ಪಣತಿಗಳನ್ನು ಗೆಣ್ಣಿನಿಂದ ಬಡಿದು ಸದ್ದು ಕೇಳಿದ. ಆಮೇಲೆ ಮಾಬುಸಾಬನ ಕಡೆ ತಿರುಗಿದ.

"ನನಗ ಅಡ್ಡಾದಿಡ್ಡಿ ಒಗದಿ. ಅವಗ ನೀಟ ಒಗದಿ."

"ಕೈ ಒಂದ ಐತ್ರಿ ಯಜಮಾನ್ರ. ನಿಮಗೊಂದು, ಅವರಿಗೊಂದು ಎಲ್ಲಿಂದ ತರ್ಲಿ?" ಎಂದ ಮಾಬುಸಾಬ.

ಕಾಕಾ ನಕ್ಕ. "ವಯಸ್ಸಾತು ಅಪ್ಪಾ, ಒಪ್ಪಿಕೊ. ಬಂದೂಕ ನನ್ನ ಕೈಯಾಗ ಕೊಟ್ಟು ಎಲಿ ಅಡಕಿ ಹಾಕ್ಕೋ."

ಅಜ್ಜ ನನ್ನ ನೋಟ್‌ಬುಕ್ ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದ.

"ನಿನಗ ಕಂಪಾಸ್ ಪೆಟಗಿ ಯಾರ ಕೊಡಿಸ್ಯಾರ್ಬೇ?"

"ಕಾಕಾ."

"ಯಾವಾಗ?"

"ಹೋದ ಸಂತಿಗೆ."

"ಹೂಂ" ಎಂದು ನೋಟ್‌ಬುಕ್ ವಾಪಸು ಕೊಟ್ಟ. ಅಷ್ಟೇ.

ಮರುದಿನ ಬೆಳಿಗ್ಗೆ ಪೇಪರ್ ಹಿಡಿದು ಪಡಸಾಲೆಗೆ ಹೋದೆ. ಅಜ್ಜ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ದಪ್ಪ ಭೂತಗನ್ನಡಿ ಹಿಡಿದು ತಾನೇ ಓದತೊಡಗಿದ. ಒಂದು ಸುದ್ದಿ ಮುಗಿಸಲು ಅರ್ಧ ತಾಸು ಹಿಡಿಯಿತು. ಅವ್ವ ಅಡುಗೆಮನೆಯಿಂದ ಕೇಳಿದಳು: "ಹುಡುಗಿ ಐತಲ್ಲರಿ ಮಾಮಾರ, ಕಣ್ಣಿಗ್ಯಾಕ ತ್ರಾಸ?"

"ಓದವರು ತಮ್ಮದೂ ನಾಕ ಮಾತು ಸೇರಿಸಬಹುದು" ಎಂದ ಅಜ್ಜ.

ಹದಿನೈದು ದಿನ ಹಾಗೇ ನಡೆಯಿತು. ದೀಪಾವಳಿಯ ಕರ್ಚಿಕಾಯಿ ಕರಿಯುವ ವಾಸನೆ ಮನೆ ತುಂಬಿದ್ದರೂ ನನಗೆ ತಿನ್ನುವ ಮನಸ್ಸಿರಲಿಲ್ಲ. ಎಂಟರಲ್ಲಿ ಒಂದು ಎಂದು ಬರೆದದ್ದು ನಿಜವಿತ್ತು. ಅದನ್ನು ಅಜ್ಜ ನಂಬಬೇಕಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ. ಆ ಮಧ್ಯಾಹ್ನದ ಪ್ರತಿ ಗುಂಡನ್ನೂ ಮತ್ತೆ ಮತ್ತೆ ನೆನೆದೆ. ಒಂದು ವ್ಯತ್ಯಾಸ ಹೊಳೆಯಿತು. ದೀಪಾವಳಿ ಪಾಡ್ಯದ ದಿನ ಹೋಗಿ ಹೇಳಿದೆ.

"ಅಜ್ಜಾ, ನೀ ಎಲ್ಲಾ ಸಲ ಹಿಂದಿನ ಕುದರಿ ಎಳದಿ. ಕಾಕಾ ಎಲ್ಲಾ ಸಲ ಮುಂದಿಂದು ಎಳದಾನ."

"ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ನಾ ನೋಡೇನಿ."

ಎಡ ನಳಿಗೆ ದೂರ ಹೊಡೆಯುತ್ತದೆ ಎಂದು ಬಂದೂಕು ತಂದ ದಿನ ಯಾರೋ ಅಜ್ಜನಿಗೆ ಹೇಳಿದ್ದರು. ಅಂದಿನಿಂದ ಗುರಿಗೆ ಎಡ ನಳಿಗೆ, ಹಂದಿ ಬೆದರಿಸುವ ಸದ್ದಿಗೆ ಬಲ ನಳಿಗೆ ಎಂದು ಭಾಗ ಮಾಡಿಬಿಟ್ಟಿದ್ದ. ಬಲದ್ದು ಬರೀ ಗದ್ದಲದ ನಳಿಗೆ ಎಂಬುದು ಅವನ ನಂಬಿಕೆ.

ಮರುದಿನ ಹೊಲದಲ್ಲಿ ಎರಡು ಹೊರಸು ಮಂಚಗಳನ್ನು ನೆಟ್ಟಗೆ ನಿಲ್ಲಿಸಿದರು. ಅವುಗಳ ಮೇಲೆ ಜೋಳದ ಹಿಟ್ಟಿನ ಅಂಟಿನಿಂದ ಹಳೆ ಪೇಪರ್ ಹಾಳೆಗಳನ್ನು ಜೋಡಿಸಿ ಹಚ್ಚಿದವಳು ನಾನು. ಅಂಟು ಒಣಗುವವರೆಗೆ ಅಜ್ಜ ಅಲ್ಲಿಂದ ಕದಲಲಿಲ್ಲ. ತನ್ನ ಪೆಟ್ಟಿಗೆಯಿಂದ ತಾನೇ ಎರಡು ತೋಟಾ ತೆಗೆದ. ಕಾಕಾನಿಗೆ ಬಂದೂಕು ಮುಟ್ಟಗೊಡಲಿಲ್ಲ. ಮಾಬುಸಾಬ ಪಣತಿ ಒಗೆದರೆ ಎಷ್ಟು ದೂರ ಹೋಗುತ್ತಿತ್ತೋ ಅಷ್ಟು, ಇಪ್ಪತ್ತು ಹೆಜ್ಜೆ, ತಾನೇ ಅಳೆದ. ಒಂದು ಹೊರಸಿಗೆ ಎಡ ನಳಿಗೆ, ಇನ್ನೊಂದಕ್ಕೆ ಬಲ ನಳಿಗೆ ಹಾರಿಸಿದ. ತೂತು ಎಣಿಸಲು ನನ್ನನ್ನು ಬಿಡಲಿಲ್ಲ. ಮಾಬುಸಾಬನನ್ನು ಕಳಿಸಿ, ಹಿಂದೆಯೇ ತಾನೂ ಹೋದ.

ಎಡ ನಳಿಗೆಯ ಛರ್ರಾಗಳು, ಅಂದರೆ ತೋಟಾದೊಳಗಿನ ಸಣ್ಣ ಸೀಸದ ಕಾಳುಗಳು, ಊಟದ ಗಂಗಾಳದಷ್ಟು ಜಾಗದಲ್ಲಿ ಒತ್ತಾಗಿ ಕೂತು ಪೇಪರನ್ನು ಹರಿದಿದ್ದವು. ಬಲ ನಳಿಗೆಯವು ಹೊರಸಿನ ಅಗಲಕ್ಕೂ ಚೆಲ್ಲಿದ್ದವು.

"ಎಡಕಿಂದರ ಬಾಯಿ ಬಿಗಿ ಐತಿ," ಎಂದ ಕಾಕಾ ಕೊನೆಗೆ. "ಚೋಕ್ ಅಂತಾರ. ದೂರ ಇದ್ದದ್ದಕ್ಕ ಬಿಗಿ ಬಾಯಿ ಬೇಕು. ಹತ್ರ ಹಾರೂದಕ್ಕ ಸಡ್ಲ ಬಾಯಿ. ಪಣತಿ ಇಪ್ಪತ್ತ ಹೆಜ್ಜಿಮ್ಯಾಲೆ ಹಾರ್ತಾವು, ಅದಕ ಬಲಕಿಂದ ಛಲೋ. ಛರ್ರಾ ಅಗಲ ಹೋಗ್ತಾವು, ಒಂದರ ತಾಗ್ತೈತಿ."

"ನಿನಗ ಯಾವಾಗಿಂದ ಗೊತ್ತಿತ್ತು?"

ಕಾಕಾ ನೆಲ ನೋಡಿದ. "ಹೋದ ವರ್ಷ ರಿಪೇರಿಗೆ ಒಯ್ದಿದ್ನೆಲ್ಲ. ಹುಬ್ಬಳ್ಳಿ ಅಂಗಡ್ಯಾವ ಹೇಳಿದ."

"ಅವತ್ತ ಹುಡುಗಿಗೆ ನಾ ಅನ್ನುವಾಗ ನೀ ಬಾಜೂಕ ನಿಂತಿದ್ದಿ."

"ಆಟ ಇತ್ತಲ್ಲಪಾ."

"ನಿನಗ ಆಟ" ಎಂದ ಅಜ್ಜ.

ಮರುದಿನ ಬೆಳಿಗ್ಗೆ ಅಜ್ಜ ಪೇಪರ್ ನನ್ನ ಮುಂದೆ ಒಗೆದು "ಓದು" ಎಂದ. ಓದಿದೆ. ಮುಗಿದ ಮೇಲೆ ಅದನ್ನು ಇಸಿದುಕೊಂಡು, ಭೂತಗನ್ನಡಿ ಹಿಡಿದು, ನಾನು ಓದಿದ ಮೊದಲ ಸುದ್ದಿಯನ್ನು ಮತ್ತೆ ನೋಡಿದ. ಮುಂದಿನ ನಾಲ್ಕು ವರ್ಷ, ಕಣ್ಣು ಪೂರ್ತಿ ಹೋಗುವವರೆಗೆ, ಪ್ರತಿ ದಿನ ಹೀಗೆಯೇ ನೋಡುತ್ತಿದ್ದ. ತಪ್ಪು ಸಿಕ್ಕಿತೆಂದು ಒಮ್ಮೆಯೂ ಹೇಳಲಿಲ್ಲ. ಸರಿಯಿದೆ ಎಂದೂ ಹೇಳಲಿಲ್ಲ. ಕಾಕಾನ ಜೊತೆ ಮತ್ತೆ ಪಣತಿ ಹೊಡೆಯಲಿಲ್ಲ.

ಈಗ ಆ ಹೊಲದ ಸುತ್ತ ಸೋಲಾರ್ ತಂತಿಬೇಲಿ ಇದೆ, ಹಂದಿ ಕಡಿಮೆ. ಬನ್ನಿಗಿಡ ಉಳಿದಿದೆ, ಹಳ್ಳದ ದಂಡೆಯ ಕಲ್ಲುನೆಲವನ್ನು ಹಸನು ಮಾಡಿ ಕಬ್ಬು ಹಾಕಿದ್ದಾರೆ. ಮಾಬುಸಾಬ ತೀರಿಕೊಂಡ. ಕುಂಬಾರರ ಮನೆಯಲ್ಲಿ ಭಟ್ಟಿ ಹಚ್ಚುವುದಿಲ್ಲ. ಪಣತಿಗಳು ಪೇಟೆಯಿಂದ, ಬಿರುಕಿಲ್ಲದೆ, ಡಜನ್ನಿನ ಲೆಕ್ಕದಲ್ಲಿ ಬರುತ್ತವೆ. ಹುಣ್ಣಿಮೆಯ ಬುತ್ತಿಗೆ ಕೂರುವವರು ಈಗ ಐದು ಮಂದಿ.

ಅಜ್ಜ ತೀರಿಕೊಳ್ಳುವ ಮುಂಚೆ ಬಂದೂಕಿನ ವಾರಸು ಯಾರಿಗೆ ಎಂದು ಅರ್ಜಿ ಬರೆಸಿಟ್ಟಿದ್ದ. ಅದರಲ್ಲಿ ಕಾಕಾನ ಹೆಸರಿರಲಿಲ್ಲ, ನನ್ನದಿತ್ತು. ಆಗ ನಾನು ಪತ್ರಿಕೆಯ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅರ್ಜಿ ಬರೆದವರು ಊರಿನ ಒಬ್ಬ ಮಾಸ್ತರರು. ಅವರಿಂದ ಓದಿಸಿಕೊಂಡು ಅಜ್ಜ ಹೆಬ್ಬೆಟ್ಟು ಒತ್ತಿದ್ದಾನೆ. ಆ ದಿನ ನಾನು ಊರಲ್ಲಿರಲಿಲ್ಲ. ಕಣ್ಣಿಲ್ಲದ ಮುದುಕನಿಂದ ನಾನೇ ಬರೆಸಿಕೊಂಡೆ ಎಂಬುದು ಕಾಕಾನ ಸಂಶಯ. ಮಾಸ್ತರರನ್ನು ಕೇಳಿ ನೋಡು ಎಂದು ಎರಡು ಸಲ ಹೇಳಿದ್ದೇನೆ. ಅವರೂ ನಿನ್ನ ಕಡೆಯವರೇ ಎಂದ. ಹೊಲಕ್ಕೆ ಬರುವುದನ್ನು ಬಿಟ್ಟ.

ಈ ವರ್ಷ ಶೀಗಿ ಹುಣ್ಣಿಮೆಗೆ ಕಾಕಾನ ಮನೆಗೆ ಒಂದು ಡಬ್ಬಿ ಕಡುಬು ಕಳಿಸಿದೆ. ಮೂರನೆಯ ದಿನ ತೊಳೆದ ಡಬ್ಬಿ ವಾಪಸು ಬಂತು. ಒಳಗೆ ಒಂದು ಹಿಡಿ ಸಕ್ಕರೆ ಇತ್ತು.