ಒಂಟಿ ಬಾಸಿಂಗ ಕಟ್ಟದ ಅಮ್ಮಾಜಮ್ಮ

ಬೆಳಗಿನ ಐದೂವರೆ. ಮಂಡಿಕಲ್ ಹೋಬಳಿಯ ಚಿನ್ನಗುಂಡ್ಲಪಲ್ಲಿಗೆ ಮೊದಲ ಬಸ್ಸು ಇನ್ನೂ ಬಂದಿಲ್ಲ. ಜಗಲಿಯ ಮೇಲೆ ಮಣೆ ಹಾಕಿಕೊಂಡು ಕುಳಿತ ಅಮ್ಮಾಜಮ್ಮ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬೆಂಡಿನ ಕಡ್ಡಿಯೊಂದನ್ನು ಹೊರಗೆ ತೆಗೆಯುತ್ತಾರೆ. ಬಲಗೈಯ ಚಾಕು ಅಲ್ಲಾಡುವುದಿಲ್ಲ. ಎಡಗೈ ಹೆಬ್ಬೆರಳು ಕಡ್ಡಿಯನ್ನು ಉರುಳಿಸಿದಂತೆಲ್ಲ ಈರುಳ್ಳಿ ಪೊರೆಯಷ್ಟು ತೆಳ್ಳಗಿನ ಬಿಳಿ ಹಾಳೆ ಬಿಚ್ಚಿಕೊಳ್ಳುತ್ತಾ ಬಂದು ಮಡಿಲಲ್ಲಿ ಬೀಳುತ್ತದೆ. ಕಿವಿಗೊಟ್ಟು ಕೇಳಿದರೆ ಮಾತ್ರ ಸಣ್ಣದೊಂದು ಸರಸರ.

"ಬಿಸಿಲೇರಿದ್ರೆ ಬೆಂಡು ಒಣಗಿ ಪುಡಿಪುಡಿ ಆಗ್ಬಿಡ್ತದೆ. ತಂಪಿರೋವಾಗ್ಲೇ ಸುಲಿದು ಇಟ್ಕೋಬೇಕು. ಅಂಟ್ಸೋದು, ಬಣ್ಣ ಹಚ್ಚೋದು ಆಮೇಲೆ ಯಾವಾಗ್ಲಾದ್ರೂ ಆಗ್ತದೆ" ಎನ್ನುತ್ತಾರೆ ಅಮ್ಮಾಜಮ್ಮ, ತಲೆ ಎತ್ತದೆ.

ಅವರಿಗೀಗ ಅರವತ್ತೊಂದು. ಮದುವೆಯ ದಿನ ಗಂಡು ಹೆಣ್ಣಿನ ಹಣೆಗೆ ಕಟ್ಟುವ ಬಾಸಿಂಗ ಮಾಡುತ್ತಾ ಮೂವತ್ತೆಂಟು ವರ್ಷ ಕಳೆದಿವೆ. ಒಂದು ಜೊತೆಗೆ ಇನ್ನೂರ ನಲವತ್ತು ಎಸಳು, ನಾಲ್ಕು ಗಿಳಿ, ಎರಡು ಕಳಶ. ಹುಣಸೆಬೀಜದ ಅಂಟು, ಚಮಕಿ, ಕೆಂಪು ಹಸಿರು ಕಾಗದ. ಲಗ್ನಗಳ ತಿಂಗಳಲ್ಲಿ ದಿನಕ್ಕೆ ಎರಡು ಜೊತೆ ಕೈಯಿಂದ ಇಳಿಯಬೇಕು. ಚಿಕ್ಕಬಳ್ಳಾಪುರದ ಅಂಗಡಿಗಳಲ್ಲಿ ಥರ್ಮಾಕೋಲಿನ ಬಾಸಿಂಗ ಬೇಕಾದಷ್ಟು ತೂಗುಬಿದ್ದಿವೆ. ಆದರೆ ಈ ಊರಿನ ಗುರುಮನೆಗೆ ನಡೆದುಕೊಳ್ಳುವ ಕುಟುಂಬಗಳಿಗೆ ಮಾತ್ರ ಇವರ ಮನೆಯ ಬಾಸಿಂಗವೇ ಆಗಬೇಕು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯ ಮೂವತ್ತೆರಡು ಹಳ್ಳಿಗಳಲ್ಲಿ ಹರಡಿಕೊಂಡಿರುವ ಆ ಮನೆತನಗಳಲ್ಲಿ, ಗುರುಮನೆಯ ದೀಪದ ಮುಂದಿಟ್ಟು ತಂದ ಬಾಸಿಂಗ ಹಣೆಗೇರಿದರಷ್ಟೇ ಮದುವೆ ಮದುವೆ. ಗುರುಪೂಜೆಯ ಪಂಕ್ತಿಯಲ್ಲಿ ಎಲೆ ಬೀಳುವುದೂ ಆಮೇಲೆಯೇ.

"ನಮ್ಮ ಮದುವೆದು ನಮ್ಮವ್ವ ಕಟ್ಟಿದ್ದು. ಅದ್ರಲ್ಲಿ ಒಂದು ಗಿಳಿಗೆ ಕಣ್ಣು ಇಡೋದೇ ಮರ್ತಿದ್ಲು" ಎಂದು ಒಳಗಿನಿಂದ ಗಂಡ ನಲ್ಲಪ್ಪ ದನಿ ಸೇರಿಸುತ್ತಾರೆ. "ಅದಕ್ಕೇ ನೋಡಿ, ನಾನು ಏನೂ ಕಾಣ್ದೆ ಒಪ್ಕೊಂಡ್‌ಬಿಟ್ಟೆ."

"ಕಾಣೋ ಗಿಳಿ ನನ್ ಕಡೆ ಇತ್ತಲ್ಲ, ಅದೂ ಏನೂ ಹೇಳ್ಲಿಲ್ಲ ಬಿಡಿ" ಎನ್ನುತ್ತಾರೆ ಅಮ್ಮಾಜಮ್ಮ.

ಮೇಲುನೋಟಕ್ಕೆ ಅಲಂಕಾರದ ಕೆಲಸ. ಆದರೆ ಈ ಜಗಲಿಗೆ ಬಂದವರಿಗೆ ಅಮ್ಮಾಜಮ್ಮ ಮೊದಲು ಕೇಳುವ ಪ್ರಶ್ನೆ ಬಣ್ಣದ್ದಲ್ಲ. "ಜೊತೆನಾ?" ಎಂದು ಕೇಳುತ್ತಾರೆ. ಆ ಒಂದು ಮಾತಿನ ಹಿಂದೆ ಒಂದು ವಂಶದ ಕಥೆಯೇ ಇದೆ.

ಗುರುಮನೆಯ ಪದ್ಧತಿಯಲ್ಲಿ ಗಂಡಸಿಗೆ ಬಾಸಿಂಗ ಆಯುಷ್ಯದಲ್ಲಿ ಒಂದೇ ಸಲ. ಮದುವೆ ಮುಗಿದ ಮೇಲೆ ಅವನದನ್ನು ಮನೆಯ ನಡುಗಂಬಕ್ಕೆ ಕಟ್ಟುತ್ತಾರೆ, ಮತ್ತೆ ಬಿಚ್ಚುವುದಿಲ್ಲ. ಹೆಂಡತಿ ಇರುವಾಗಲೇ ಅವನು ಇನ್ನೊಬ್ಬಳನ್ನು ಕಟ್ಟಿಕೊಳ್ಳುವುದಾದರೆ ಹೊಸ ಹೆಣ್ಣಿಗೆ ಮಾತ್ರ ಬಾಸಿಂಗ ಬೇಕು. ಅದಕ್ಕೆ ಒಂಟಿ ಬಾಸಿಂಗ ಎಂದು ಹೆಸರು. ಅದನ್ನು ಹೊಸ ಹೆಣ್ಣಿನ ಹಣೆಗೆ ಮೊದಲ ಹೆಂಡತಿಯೇ ತನ್ನ ಕೈಯಾರೆ ಕಟ್ಟಬೇಕು. ಹಾಗೆ ಕಟ್ಟಿದರೆ ಅವಳು ಒಪ್ಪಿದಳು ಎಂದು ಅರ್ಥ, ಅವಳು ಒಪ್ಪಿದರೆ ಅದು ಧರ್ಮ ಎಂದು ಗುರುಮನೆ ನಡೆಸುತ್ತಿದ್ದ ಹಿಂದಿನ ಯಜಮಾನರು ಹೇಳುತ್ತಿದ್ದರು.

ಈ ಮನೆಗೆ ಸೊಸೆಯಾಗಿ ಬಂದು ಎರಡನೆಯ ವರ್ಷ, ಇಪ್ಪತ್ತೈದರ ಅಮ್ಮಾಜಮ್ಮ ಅಂಥದ್ದೊಂದನ್ನು ಕಟ್ಟಿದರು. ದಲ್ಲಾಳಿಯೊಬ್ಬ ಬಂದು ಒಂಟಿ ಬೇಕೆಂದ. ಅತ್ತೆ ಕಟ್ಟು ಎಂದರು. ಯಾರಿಗೆಂದು ಕೇಳುವ ರೂಢಿ ಆಗ ಇರಲಿಲ್ಲ. ಕೈಗೆ ಹೊಸ ಹುರುಪು, ಸುತ್ತಲೂ ಎರಡು ಸಾಲು ಚಮಕಿ ಹೆಚ್ಚಿಗೆ ಕೂರಿಸಿದರು. ಹದಿನೈದು ದಿನಕ್ಕೆ ಗೌರಿಬಿದನೂರು ಕಡೆಯಿಂದ ಸುದ್ದಿ ಬಂತು: ಒಡಹುಟ್ಟಿದ ಅಕ್ಕ ಚಿಕ್ಕವೆಂಕಟಮ್ಮನ ಗಂಡ ಎರಡನೆಯ ಮದುವೆಯಾಗಿದ್ದ. ಅಕ್ಕನಿಗೆ ಮೂರು ಹೆಣ್ಣುಮಕ್ಕಳಿದ್ದರು.

"ಓಡೋಡಿ ಹೋದೆ. ಅಕ್ಕ ರಾಗಿ ಬೀಸ್ತಾ ಇದ್ಲು, ನಿಲ್ಲಿಸ್ಲೂ ಇಲ್ಲ. 'ಕೈಗೆ ಕೊಟ್ಟಾಗ್ಲೇ ಗೊತ್ತಾಯ್ತು ಕಣೇ, ಇದು ನೀನು ಕಟ್ಟಿದ್ದು ಅಂತ. ಬಲು ಚೆನ್ನಾಗ್ ಕಟ್ಟಿದ್ದೆ' ಅಂದ್ಲು. ಬಯ್ದಿದ್ರೆ ಅಲ್ಲೇ ಅತ್ತು ಹಗುರಾಗಿ ಬಂದ್‌ಬಿಡ್ತಿದ್ದೆ. ಬಯ್ಯಲಿಲ್ಲ."

ಊರಿಗೆ ವಾಪಸಾದ ಅಮ್ಮಾಜಮ್ಮ ಅತ್ತೆಯ ಮುಂದೆ ಚಾಕು ಇಟ್ಟು, ಜೊತೆ ಎಷ್ಟು ಬೇಕಾದರೂ ಕಟ್ಟುತ್ತೇನೆ, ಒಂಟಿ ಕಟ್ಟುವುದಿಲ್ಲ ಎಂದರು. ಅತ್ತೆ ಮೂರು ತಿಂಗಳು ಮಾತು ಬಿಟ್ಟರು. ಗುರುಮನೆಯಿಂದ ಕರೆ ಬಂತು. ಅಂದಿನ ಯಜಮಾನರು, "ನಿನ್ನ ಕೆಲಸ ಕಟ್ಟೋದು, ಧರ್ಮ ನೋಡೋದು ನಮ್ಮ ಕೆಲಸ" ಎಂದು ಗದರಿದರು. ಒಂದಿಡೀ ವರ್ಷ ಯಾರೂ ಇವರ ಜಗಲಿಗೆ ಬರಬಾರದೆಂದು ಅಪ್ಪಣೆಯೂ ಆಯಿತು. ಆ ವರ್ಷ ಅಮ್ಮಾಜಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋದರು. ಕುದಿನೀರಿನಲ್ಲಿ ಬೆರಳ ತುದಿ ಬೆಂದು ಬೊಬ್ಬೆಗಳೆದ್ದವು. ಮರುವರ್ಷ ಜನ ತಾವಾಗಿಯೇ ಬಂದರು, ಜೊತೆ ಕೇಳಿಕೊಂಡು.

ಗದರಿದ ಆ ಯಜಮಾನರ ಮಗ ರಾಮಾಂಜಿನಪ್ಪ ಈಗಿನ ಯಜಮಾನರು. ಎಪ್ಪತ್ತನಾಲ್ಕು ವರ್ಷ. ದಿನವೂ ಸಂಜೆ ತತ್ವಪದ ಹೇಳಿಸಿ ಕೇಳುವವರು, ಮಾತು ಕಡಿಮೆ. ಗುರುಮನೆಯ ನಿಲುವು ಹೇಗೆ ಹೇಗೆ ಹೊರಳಿತೆಂಬುದನ್ನು ಅವರು ಮುಚ್ಚಿಡುವುದಿಲ್ಲ.

"ತಾತನ ಕಾಲದಲ್ಲಿ ಈ ಎರಡನೇ ಮದುವೆ ಅನ್ನೋದು ಗುಟ್ಟು. ಮನೇವರಿಗೆ ಬಿಟ್ಟು ಹೊರಗಿನವರಿಗೆ ಹೇಳೋ ಹಾಗಿರ್ಲಿಲ್ಲ. ಅಪ್ಪನ ಕಾಲಕ್ಕೆ ಪಂಕ್ತೀಲಿ ನಿಂತು ಇದೇ ಮೇಲು ಅಂದ್ರು, ವಂಶ ಬೆಳೀಬೇಕು ಅಂದ್ರು. ಐವತ್ತೈದನೇ ಇಸವೀಲಿ ಎರಡು ಮದುವೆ ಕೂಡದು ಅಂತ ಕಾನೂನು ಬಂತು. ಆಗ ಬಾಯಲ್ಲಿ ಇಲ್ಲ ಅಂದ್ರು, ಕೈಯಲ್ಲಿ ಹೂಂ ಅಂದ್ರು. ಕೊನೆಗೆ ಮೂವತ್ತು ವರ್ಷದ ಹಿಂದೆ ಅಪ್ಪನೇ ಕಾಗದ ಬರೆಸಿ ಓದಿಸಿದ್ರು, ಇನ್ನು ಮುಂದೆ ಬೇಡ ಅಂತ."

ಅಷ್ಟಕ್ಕೇ ಮುಗಿಯಿತೇ ಎಂದರೆ, ಇಲ್ಲ ಎಂದು ಅವರೇ ತಲೆಯಾಡಿಸುತ್ತಾರೆ. ಕಾಗದದಲ್ಲಿ 'ನಮ್ಮ ಹಳ್ಳಿಗಳಲ್ಲಿ' ಎಂದು ಬರೆದಿತ್ತು. ಹಾಗಾಗಿ ಬೇಕೆಂದವರು ಗಡಿ ದಾಟಿ ಆಂಧ್ರದ ಕಡೆ ಹೋಗಿ ತಾಳಿ ಕಟ್ಟಿ ಬಂದರು. "ಗಡಿಯಾಚೆಯದು ನಮ್ಮ ಕಣ್ಣಿಗೆ ಬಿದ್ದಿಲ್ಲ ಅಂತ ಸುಮ್ನಿದ್ವಿ. ನಾನೂ ಸುಮ್ನಿದ್ದೆ."

ಸುಮ್ಮನಿರದಿದ್ದವರು ಅಮ್ಮಾಜಮ್ಮ ಒಬ್ಬರೇ. ಈ ವರ್ಷದ ಚೈತ್ರದಲ್ಲಿ ಅವರ ಹಟಕ್ಕೆ ದೊಡ್ಡ ಪರೀಕ್ಷೆಯೇ ಬಂತು.

ಹೊಸ ದಲ್ಲಾಳಿಯೊಬ್ಬ ಬೈಕಿನಲ್ಲಿ ಬಂದು ಒಂದು ಜೊತೆಗೆ ಹೇಳಿದ. ಜೊತೆ ಎಂದಮೇಲೆ ಮಾತೇನು? ಅಮ್ಮಾಜಮ್ಮ ಬೆಂಡು ಕೈಗೆತ್ತಿಕೊಂಡರು. ಹೊರಡುವ ಹೊತ್ತಿಗೆ ಅವನು ತಿರುಗಿ, "ಹೆಣ್ಣಿಂದು ಜೋರಾಗಿರ್ಲಿ ಅಮ್ಮ. ಗಂಡಿಂದು ಹೆಂಗಿದ್ರೂ ನಡೀತದೆ" ಎಂದುಬಿಟ್ಟ.

ಚಾಕು ನಿಂತಿತು.

"ಮೂವತ್ತೆಂಟು ವರ್ಷದಲ್ಲಿ ಗಂಡಿನ ಕಡೆಯೋರು ಒಬ್ರೂ ಹಂಗಂದಿಲ್ಲ" ಎಂದು ಅಮ್ಮಾಜಮ್ಮ ವಿವರಿಸುತ್ತಾರೆ. "ತಮ್ಮ ಹುಡುಗನ ಕಳಶ ಒಂದು ಬೆರಳು ಎತ್ತರ ಇರ್ಲಿ ಅಂತಲೇ ಕಿತ್ತಾಡೋದು. ಹೆಂಗಿದ್ರೂ ನಡೀತದೆ ಅಂದ್ರೆ ಅದು ಹಣೆಗೆ ಏರಲ್ಲ ಅಂತ ತಾನೆ? 'ಗಂಡಿನ ಹೆಸರೇನಪ್ಪ' ಅಂದೆ. ಹೆಲ್ಮೆಟ್ ಹಾಕ್ಕೊಂಡ. 'ಹೆಲ್ಮೆಟ್ಟಿಗೂ ಬಾಸಿಂಗ ಕಟ್ಬೇಕೇನಪ್ಪ, ತೆಗಿ' ಅಂದೆ."

ಕೊನೆಗೆ ಅವನು ಬಾಯಿಬಿಟ್ಟ: ಗಂಡಿನ ಹೆಸರು ಮೋಹನ್‌ಬಾಬು, ಗೌರಿಬಿದನೂರಿನ ಹತ್ತಿರದ ಹಳ್ಳಿಯವನು. ಅವನ ಹೆಂಡತಿ ಶೋಭಾರಾಣಿ, ಮೂವತ್ತು ವರ್ಷದವಳು, ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಮದುವೆಯಾಗಿ ಏಳು ವರ್ಷ, ಮಕ್ಕಳಾಗಿಲ್ಲ. ಮದುವೆ ಗಡಿಯಾಚೆ ಎಂದು ನಿಶ್ಚಯವಾಗಿತ್ತು. ಆದರೆ ಹೊಸ ಹೆಣ್ಣಿನ ಅಪ್ಪ, ಮಗಳಿಗೆ ನಾಳೆ ಪಂಕ್ತಿಯಲ್ಲಿ ಜಾಗ ಸಿಗಬೇಕು, ಅಮ್ಮಾಜಮ್ಮನ ಮನೆಯ ಬಾಸಿಂಗ ತಂದರೇ ಹೆಣ್ಣು ಕೊಡುವುದು ಎಂದು ಕೂತಿದ್ದ. ಅದಕ್ಕೇ ಜೊತೆಯ ನಾಟಕ.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಅಮ್ಮಾಜಮ್ಮ ಗೌರಿಬಿದನೂರಿಗೆ ಹೊರಟರು. ಫ್ಯಾಕ್ಟರಿಯ ಊಟದ ಬಿಡುವಿನಲ್ಲಿ ಗೇಟಿನ ಹೊರಗೆ ಶೋಭಾರಾಣಿಯನ್ನು ಕರೆಸಿ, ತಾನು ಯಾರೆಂದು ಹೇಳಿದರು. ಅವಳು ಊಟದ ಡಬ್ಬಿ ಮುಚ್ಚಿದಳು.

"ಆ ಹುಡುಗಿ ಹಣೆಗೆ ನೀನೇ ಕಟ್ಟು ಅಂತ ಮನೇಲಿ ಒಂದು ವಾರದಿಂದ ಹೇಳ್ತಾ ಇದ್ದಾರೆ ಆಂಟಿ. ಡಾಕ್ಟ್ರು ಇಬ್ರೂ ಟೆಸ್ಟಿಗೆ ಬನ್ನಿ ಅಂದಿದ್ರು, ನಾನೊಬ್ಳೇ ಹೋಗಿದ್ದು. ನಂದೇನೂ ತೊಂದ್ರೆ ಇಲ್ಲ ಅಂತ ಬಂತು. ರಿಪೋರ್ಟ್ ತೋರ್ಸಿದ್ರೆ ನೋಡೋರಿಲ್ಲ."

"ನಿನ್ ಮನಸ್ಸಲ್ಲಿ ಏನಿದೆ, ಅದು ಹೇಳಮ್ಮ."

"ನಾನು ಕಟ್ಟಲ್ಲ. ಆದ್ರೆ ಕಟ್ಟಲ್ಲ ಅಂದ್ರೆ ಮನೇಲಿ ಇರೋಕೂ ಬಿಡಲ್ಲ."

"ಅಷ್ಟು ಹೇಳಿದ್ಯಲ್ಲ, ಬಾ."

ಆ ಭಾನುವಾರ ಇಬ್ಬರೂ ರಾಮಾಂಜಿನಪ್ಪನವರ ಪಡಸಾಲೆಯಲ್ಲಿ ಕುಳಿತರು. ಅಮ್ಮಾಜಮ್ಮ ಕೇಳಿದ್ದು ಹೊಸ ಕಾಗದವನ್ನಲ್ಲ. ಮುಂದಿನ ಗುರುಪೂಜೆಯಲ್ಲಿ ಯಜಮಾನರೇ ಎದ್ದು ನಿಂತು, ಗಡಿಯ ಈಚೆಯಾಗಲಿ ಆಚೆಯಾಗಲಿ, ಹೆಂಡತಿ ಇರುವಾಗ ಇನ್ನೊಂದು ಕಟ್ಟಿಕೊಂಡರೆ ಅದು ಮದುವೆಯಲ್ಲ, ಅಂಥವನಿಗೆ ಪಂಕ್ತಿಯಲ್ಲಿ ಎಲೆ ಇಲ್ಲ ಎಂದು ಬಾಯಿಬಿಟ್ಟು ಹೇಳಬೇಕು.

ರಾಮಾಂಜಿನಪ್ಪ ಕೂಡಲೇ ಒಪ್ಪಲಿಲ್ಲ. ಅವರ ಕಷ್ಟ ಬೇರೆಯೇ ಇತ್ತು. ಅವರು ತಮ್ಮ ತಂದೆಯ ಎರಡನೆಯ ಹೆಂಡತಿಯ ಮಗ.

"ನಾನು ಹಂಗಂದ್ರೆ ನಮ್ಮವ್ವ ಏನಾದ್ಲು ಅಮ್ಮಾಜಿ? ನಾನು ಏನಾದೆ?"

"ನಿಮ್ಮವ್ವನ್ನ ಯಾರೂ ಏನೂ ಅನ್ನಲ್ಲ ಯಜಮಾನ್ರೇ. ಆಯಮ್ಮಂಗೆ ಬಾಸಿಂಗ ಕಟ್ಟಿದ್ದು ಯಾರು?"

"ದೊಡ್ಡವ್ವ."

"ದೊಡ್ಡವ್ವ ಆಮೇಲೆ ಎಲ್ಲಿದ್ರು?"

"ಕೊಟ್ಟಿಗೆ ಪಕ್ಕದ ಕೋಣೇಲಿ. ಸಾಯೋವರೆಗೂ." ಅವರೇ ಮುಂದುವರಿಸಿದರು. "ನನ್ನ ಎತ್ತಿ ಆಡ್ಸಿದ್ದು ಆಯಮ್ಮನೇ. ಪಂಕ್ತೀಲಿ ಮಾತ್ರ ಕೂರ್ತಿರ್ಲಿಲ್ಲ. ಹಸಿವಿಲ್ಲ ಅಂತಿದ್ಲು."

ಶೋಭಾರಾಣಿ ಗೋಡೆಗೊರಗಿ ಕುಳಿತಿದ್ದಳು. ಯಜಮಾನರು ಅವಳ ಕಡೆ ನೋಡಿ, "ಊಟ ಮಾಡಿದ್ಯೇನಮ್ಮ" ಎಂದರು. ಇಲ್ಲ ಎಂದಳು. ಒಳಗೆ ಕೂಗಿ ಮೂರು ಎಲೆ ಹಾಕಿಸಿದರು.

ವೈಶಾಖದ ಗುರುಪೂಜೆಗೆ ಮೂವತ್ತೆರಡು ಹಳ್ಳಿಯವರೂ ಸೇರಿದರು. ಹಾಡಿಕೆ ಮುಗಿದು ಎಲೆ ಹಾಕುವ ಮುಂಚೆ ರಾಮಾಂಜಿನಪ್ಪ ಎದ್ದು ನಿಂತರು. ಕೈಯಲ್ಲಿ ಚೀಟಿ ಇರಲಿಲ್ಲ. ದೊಡ್ಡವ್ವನ ಹೆಸರು ಹೇಳಿ, ಆಕೆ ಕೂರದಿದ್ದ ಪಂಕ್ತಿಯ ಮಾತು ಹೇಳಿ, "ನಮ್ಮ ಹಿರಿಯರು ಒಂದೊಂದು ಕಾಲಕ್ಕೆ ಒಂದೊಂದು ಹೇಳಿದ್ರು. ನಾನು ಒಂದೇ ಹೇಳ್ತೀನಿ. ಗಡಿ ಈಚೆನೂ ಇಲ್ಲ, ಆಚೆನೂ ಇಲ್ಲ. ಇದುವರೆಗೂ ಬಂದಿರೋ ಹೆಣ್ಮಕ್ಕಳು, ಅವರ ಮಕ್ಕಳು ನಮ್ಮೋರೇ, ಅವರಿಗೆ ಎಲೆ ಉಂಟು. ಇವತ್ತಿಂದಾಚೆ ಕಟ್ಟಿಕೊಳ್ಳೋ ಗಂಡಸಿಗೆ ಇಲ್ಲ" ಎಂದರು. ಹಿಂದಿನ ಸಾಲಿನಿಂದ ಯಾರೋ, "ನಿಮ್ಮಪ್ಪ ಮಾಡಿದ್ದು ತಪ್ಪು ಅಂತೀರಾ ಹಂಗಾದ್ರೆ?" ಎಂದು ಕೆಣಕಿದರು. "ಅನ್ನಿಸ್ಕೊಳ್ಳೋಕೆ ಅವರಿಲ್ಲ, ಅನ್ನೋಕೆ ನಾನಿದೀನಿ. ಹೌದು, ತಪ್ಪು" ಎಂದು ಯಜಮಾನರು ಕುಳಿತರು. ಎರಡು ಮನೆಯವರು ಊಟ ಬಿಟ್ಟು ಎದ್ದುಹೋದರು. ಮಿಕ್ಕವರು ಉಂಡರು.

ಹೊಸ ಹೆಣ್ಣಿನ ಅಪ್ಪ ಮಾರನೆಯ ದಿನವೇ ಸಂಬಂಧ ಬಿಟ್ಟ. ಮೋಹನ್‌ಬಾಬು ಹೆಂಡತಿಯನ್ನು ಕರೆಯಲು ಎರಡು ಸಲ ಬಂದಿದ್ದಾನೆ. ಫ್ಯಾಕ್ಟರಿಯ ಗೆಳತಿಯರೊಂದಿಗೆ ಕೋಣೆ ಹಿಡಿದಿರುವ ಶೋಭಾರಾಣಿ ಇನ್ನೂ ಹೋಗಿಲ್ಲ. "ಡಾಕ್ಟ್ರ ಹತ್ರ ಅವರು ಒಂದ್ಸಲ ಬರ್ಲಿ, ಆಮೇಲೆ ನೋಡಣ ಅಂದಿದ್ದೀನಿ" ಎಂದು ಫೋನಿನಲ್ಲಿ ಹೇಳುತ್ತಾಳೆ. ದನಿಯಲ್ಲಿ ಅಳುಕಿಲ್ಲ.

ಜಗಲಿಗೆ ಬಿಸಿಲು ಬಂದಿದೆ. ಅಮ್ಮಾಜಮ್ಮ ಸುಲಿದ ಹಾಳೆಗಳನ್ನು ಒಟ್ಟುಮಾಡಿ ಬುಟ್ಟಿಗೆ ತುಂಬುತ್ತಾರೆ. ಸೂಜಿಗೆ ದಾರ ಪೋಣಿಸಲು ಈಗ ಸೊಸೆ ಧನುಶ್ರೀ ಬೇಕು, ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ತಡ ಮಾಡಬೇಡಿ ಎಂದು ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿದ್ದಾರೆ.

"ಈ ವಾರವೇ ಹೋಗಣ ಬನ್ನಿ ಅತ್ತೆ, ಮೂರು ಸಲ ಡೇಟ್ ಮುಂದಕ್ಕೆ ಹಾಕ್ಸಿದ್ದಾಯ್ತು" ಎಂದು ಧನುಶ್ರೀ ದಾರ ಕೊಡುತ್ತಾ ಗೊಣಗುತ್ತಾಳೆ.

"ಆಷಾಢ ಬರ್ಲಿ ಕಣಮ್ಮ. ಆ ತಿಂಗಳು ಲಗ್ನ ಇಲ್ಲ, ಯಾರೂ ಬರಲ್ಲ. ಎರಡು ಕಣ್ಣೂ ಒಟ್ಟಿಗೇ ಮಾಡಿಸ್ಕೊಂಡು ಮಲಗ್ತೀನಿ" ಎನ್ನುತ್ತಾರೆ ಅಮ್ಮಾಜಮ್ಮ. "ಶ್ರಾವಣಕ್ಕೆ ಮಾತ್ರ ಎದ್ದಿರಬೇಕು. ಯಜಮಾನ್ರು ಹೇಳಿದ್ದಾರೆ, ನಿಜ. ಆದ್ರೂ ಯಾರಾದ್ರೂ ಒಂಟಿ ಕೇಳ್ಕೊಂಡು ಬಂದ್ರೆ, ಇಲ್ಲ ಅನ್ನೋಕೆ ನಾನು ಬಾಗಿಲಲ್ಲಿ ಇರಬೇಕಲ್ಲ."