ತಲೆ ಬಾಚಿಕೊಂಡು ಬಂದ ಎಮರ್ಜೆನ್ಸಿ

ನಾನು ಪಾಠ ಹೇಳುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಮರ್ಜೆನ್ಸಿ ಇಲ್ಲದ ದಿನವಿಲ್ಲ. ಒಬ್ಬರಿಗೆ ಫೋನಿನ ಚಾರ್ಜರ್ ಬೇಕು, ಎಮರ್ಜೆನ್ಸಿ. ಇನ್ನೊಬ್ಬರ ಮಗಳು ನಾಳೆ ಸ್ಕೂಲಿನಲ್ಲಿ ಕೃಷ್ಣನ ವೇಷ ಹಾಕಬೇಕು, ನವಿಲುಗರಿ ಸಿಕ್ಕಿಲ್ಲ, ಅದು ಇನ್ನೂ ದೊಡ್ಡ ಎಮರ್ಜೆನ್ಸಿ. ಕರೆಂಟು ಹೋದಾಗ ಹತ್ತಿಸಲೆಂದು ನಮ್ಮ ಮನೆಯಲ್ಲಿ ಇಟ್ಟುಕೊಂಡಿರುವ ದೀಪದ ಹೆಸರೂ ಅದೇ; ಕರೆಂಟು ಹೋದ ಹೊತ್ತಿಗೆ ಸರಿಯಾಗಿ ಅದರ ಚಾರ್ಜೂ ಹೋಗಿರುತ್ತದೆ. ಬಸ್ಸಿನಲ್ಲಿ ಎಮರ್ಜೆನ್ಸಿ ಬಾಗಿಲು ಎಂದು ಕೆಂಪಕ್ಷರದಲ್ಲಿ ಬರೆದ ಕಡೆ ಯಾರದೋ ಅಕ್ಕಿ ಮೂಟೆ ಒರಗಿಕೊಂಡು ಕೂತಿರುತ್ತದೆ. ಇಷ್ಟು ಧಾರಾಳವಾಗಿ ಓಡಾಡುವ ಪದ ಒಬ್ಬ ಹೆಂಗಸಿಗೆ ಬೇಕಾದಾಗ ಮಾತ್ರ ಸಿಗಲಿಲ್ಲ. ಆ ಕತೆ ಹೇಳಬೇಕಾಗಿದೆ.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ, ನನಗೆ ನಾಚಿಕೆಯಿಲ್ಲ. ಅಷ್ಟು ಕಷ್ಟಪಟ್ಟು ಓದಿದ್ದಕ್ಕೆ ಉಳಿದ ಒಂದು ಚಟವೆಂದರೆ ಎಲ್ಲದಕ್ಕೂ ನಿಘಂಟು ತೆಗೆಯುವುದು. ಎಮರ್ಜೆನ್ಸಿಯ ಬೇರು ಲ್ಯಾಟಿನ್ನಿನಲ್ಲಿದೆಯಂತೆ. ಮುಳುಗಿದ್ದದ್ದು ನೀರಿನಿಂದ ಮೇಲಕ್ಕೆ ಬರುವುದು ಎಂದು ಅರ್ಥವಂತೆ. ನಮ್ಮಪ್ಪನಿಗೆ ಈ ಬೇರು ಕಾಂಡ ಯಾವುದೂ ಬೇಕಿರಲಿಲ್ಲ. ಅವನ ಮಟ್ಟಿಗೆ ಎಮರ್ಜೆನ್ಸಿ ಎಂದರೆ ಜೀಪು. ದೇಶಕ್ಕೆಲ್ಲ ಎಮರ್ಜೆನ್ಸಿ ಹೇರಿದ್ದ ಎಪ್ಪತ್ತಾರರ ಕಾಲದಲ್ಲಿ ಗಂಡಸರನ್ನು ಹಿಡಿದು ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸುತ್ತಾರೆಂಬ ಸುದ್ದಿ ಕೇಳಿ, ಇನ್ನೂ ಮದುವೆಯೇ ಆಗಿರದ ಅಪ್ಪ, ಜೀಪಿನ ಸದ್ದಾದಾಗಲೆಲ್ಲ ಕಬ್ಬಿನ ಗದ್ದೆಗೆ ನುಗ್ಗಿಬಿಡುತ್ತಿದ್ದನಂತೆ. ಇದನ್ನು ಹೇಳಿ ಹೇಳಿ ನಗುತ್ತಿದ್ದವಳು ಅವನ ತಂಗಿ, ನನ್ನ ಸೋದರತ್ತೆ. “ಅವತ್ತೇನಾರ ನಿಮ್ಮಪ್ಪ ಸಿಕ್ಕಾಕ್ಕಂಡಿದ್ರೆ ನಿನ್ ಡಿಗ್ರಿನ ಯಾರು ಮಾಡೋರು ಕಣ್ಮಗ?”

ಗಂಡ ಬೇಗ ತೀರಿಹೋಗಿ, ಮಕ್ಕಳಿಲ್ಲದ ಅತ್ತೆ ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಊದುಬತ್ತಿ ಹೊಸೆದು ಬದುಕಿದವಳು. ನಾನು ಊರು ಬಿಟ್ಟು ಬಂದು ಓದಿದ್ದು ಅವಳ ಒಂದೇ ಕೋಣೆಯಲ್ಲಿ. ಅವಳು ಕಡ್ಡಿ ಹೊಸೆಯುತ್ತ ಕೂತರೆ ನಾನು ಎದುರಿಗೆ ಓದುತ್ತ ಕೂರಬೇಕು. ತೂಕಡಿಸಿದರೆ ಕಡ್ಡಿಯಲ್ಲೇ ಚುಚ್ಚುತ್ತಿದ್ದಳು. ನನ್ನ ಡಿಗ್ರಿಗೆ ಇವತ್ತಿಗೂ ಸಾಂಬ್ರಾಣಿ ವಾಸನೆ ಇದೆ ಎಂದು ನನ್ನ ಗಂಡ ಗೇಲಿ ಮಾಡುತ್ತಾರೆ. ನಾನು ಹೌದು ಎನ್ನುತ್ತೇನೆ.

ಈ ಅತ್ತೆಯ ಪೆಟ್ಟಿಗೆಯಲ್ಲಿ ಒಂದು ಆಸ್ಪತ್ರೆ ಸೀರೆ ಇತ್ತು. ನಮ್ಮ ಕಡೆಯ ಹೆಂಗಸರಲ್ಲಿ ಇದು ಅಪರೂಪವೇನಲ್ಲ. ಮದುವೆಗೆ ಒಂದು ಸೀರೆ ಇರುವ ಹಾಗೆ ಆಸ್ಪತ್ರೆಗೆ, ಬ್ಯಾಂಕಿಗೆ, ತಾಲ್ಲೂಕಾಫೀಸಿಗೆ ಅಂತ ಒಂದು ಇಸ್ತ್ರಿ ಸೀರೆ. ಜ್ವರವಿರಲಿ, ಮೈಕೈ ಮುರಿದಿರಲಿ, ಸ್ನಾನ ಮಾಡಿ, ಎಣ್ಣೆ ಹಚ್ಚಿ ತಲೆ ಬಾಚಿ, ಆ ಸೀರೆ ಉಟ್ಟುಕೊಂಡೇ ಹೊಸಲು ದಾಟುವುದು. ಇದು ಶೋಕಿಯಲ್ಲ. ಹಿಂದೊಮ್ಮೆ ಅತ್ತೆ ಕೆಲಸದಿಂದ ನೇರವಾಗಿ, ಇದ್ದಿಲ ಪುಡಿ ಮೆತ್ತಿದ ಕೈಯಲ್ಲೇ ಎಲ್ಲೋ ಔಷಧಿಗೆ ಹೋಗಿದ್ದಳು. ಚೀಟಿ ಕೊಡುವವಳು ಮೂಗು ಮುಚ್ಚಿಕೊಂಡು, “ಏಯ್, ಆಚೆ ನಿಂತ್ಕೊ, ಯಾವ ಕೇರಿ ನಿಂದು?” ಅಂದಳಂತೆ. ಚೀಟಿ ತೆಗೆದುಕೊಳ್ಳದೆ ಮನೆಗೆ ಬಂದ ಅತ್ತೆ ಮೊದಲು ಮಾಡಿದ ಕೆಲಸ ಆ ಸೀರೆ ಕೊಂಡದ್ದು.

ಹೋದ ವರ್ಷ ಒಂದು ಬೆಳಿಗ್ಗೆ ಅವಳ ಫೋನು ಬಂತು. “ಎದೆ ಹಿಡ್ಕಂಡಂಗಾಗದೆ ಕಣವ್ವ. ಬೆವರು ಕಿತ್ಕಂಡು ಬತ್ತಾ ಅದೆ. ಅರ್ಜೆಂಟೇನಿಲ್ಲ, ಕಾಲೇಜು ಮುಗುಸ್ಕಂಡೇ ಬಾ.”

ವಿಜಯನಗರದ ನಮ್ಮ ಮನೆಯಿಂದ ಆಟೋ ಹಿಡಿದು ಹೋಗಿ ನೋಡುತ್ತೇನೆ, ಅತ್ತೆ ಸ್ನಾನ ಮುಗಿಸಿ, ಗೋಡೆಗೆ ಒರಗಿಕೊಂಡು ನೆರಿಗೆ ಹಿಡಿಯುತ್ತಿದ್ದಾಳೆ. ಮುಖದಲ್ಲಿ ರಕ್ತವಿಲ್ಲ.

“ಅತ್ತೆ, ಸಾಯ್ತೀಯ, ಬಾ! ಸೀರೆ ಮನೆ ಹಾಳಾಗ!”

“ಇರವ್ವ, ಇನ್ನೊಂದು ನೆರಿಗೆ. ಹಿಂಗೇ ಬಂದ್ರೆ ಮೇಷ್ಟ್ರಮ್ಮನ ಅತ್ತೆ ಅಂದ್ರೆ ನಂಬ್ತಾರಾ?”

ಆಸ್ಪತ್ರೆಯ ಬಾಗಿಲಲ್ಲಿ ನಾನು ಕೈ ಹಿಡಿಯಹೋದರೆ ಕೊಡವಿಕೊಂಡಳು. ತುರ್ತು ಚಿಕಿತ್ಸೆಯ ಮೇಜಿನ ತನಕ ಸೆರಗು ಹೊದ್ದು ನೆಟ್ಟಗೆ ನಡೆದುಹೋದಳು. ಅಲ್ಲಿದ್ದ ನರ್ಸು ಹುಡುಗಿ ನಮ್ಮ ಬೆನ್ನ ಹಿಂದೆ ಇಣುಕಿದಳು.

“ಪೇಷಂಟ್ ಎಲ್ಲಿ ಮೇಡಂ?”

“ಇವರೇ.”

“ಇವ್ರಾ? ನಡ್ಕೊಂಡು ಬಂದ್ರಲ್ಲಾ. ಇದು ಎಮರ್ಜೆನ್ಸಿ ಕಣ್ರೀ. ಆ ಕಡೆ ಚೀಟಿ ಮಾಡ್ಸಿ, ಕೂತ್ಕೊಳಿ, ಕರೀತಾರೆ.”

ನಾನು ಎದೆನೋವು ಅಂದೆ, ಬೆವರು ಅಂದೆ, ಕಲಿತ ಇಂಗ್ಲಿಷನ್ನೆಲ್ಲ ಆ ಮೇಜಿನ ಮೇಲೆ ಸುರಿದೆ. ಗಲಾಟೆಗೆ ಹೊರಬಂದ ಚಿಕ್ಕ ವಯಸ್ಸಿನ ಡಾಕ್ಟರು ಅತ್ತೆಯನ್ನೇ ಕೇಳಿದರು, “ಹೇಗಿದ್ದೀರಮ್ಮಾ?”

ಅತ್ತೆ ಕೈ ಮುಗಿದಳು. “ಚೆನ್ನಾಗಿವ್ನಿ ಸ್ವಾಮಿ. ತಾವು ಚೆನ್ನಾಗಿದ್ದೀರಾ?”

ದೊಡ್ಡವರು ಹೇಗಿದ್ದೀಯ ಎಂದರೆ ಚೆನ್ನಾಗಿದ್ದೇನೆ ಎನ್ನಬೇಕು. ಜೀವಮಾನವೆಲ್ಲ ಅವಳು ಹಾಗೇ ಅಂದುಕೊಂಡು ಬಂದಿದ್ದಳು. ಡಾಕ್ಟರು ನಕ್ಕು ನನ್ನನ್ನು ನೋಡಿದರು, ಗಾಬರಿಬೀಳುವ ಓದಿದ ಹೆಂಗಸನ್ನು ನೋಡುವ ಹಾಗೆ. ನಾವು ಬೆಂಚಿನ ಮೇಲೆ ಕೂತೆವು. ನಾನು ಮತ್ತೆ ಎದ್ದರೆ ಅತ್ತೆ ಸೆರಗು ಹಿಡಿದು ಎಳೆದಳು. “ಸುಮ್ಕಿರವ್ವ. ಎಮರ್ಜೆನ್ಸಿ ಅಲ್ಲ ಅಂತ ಅವರೇ ಅಂದ್ಮೇಲೆ ಅಲ್ಲ. ರಕ್ತ ಗಿಕ್ತ ಸೋರ್ಸ್ಕಂಡು ಬಂದಿರೋರು ಇರ್ತಾರೆ.”

ಸರದಿ ಬಂದಾಗ ಎದೆಗೆ ವೈರು ಅಂಟಿಸಿದರು. ಕಾಗದ ಹೊರಬಂತು. ಅದೇ ಡಾಕ್ಟರು ಅದನ್ನು ನೋಡುತ್ತ ನೋಡುತ್ತ ಬೇರೆ ಮನುಷ್ಯರಾದರು. ಆಮೇಲೆ ಎಲ್ಲರೂ ಓಡಿದರು. ನಡೆಯಬೇಡಿ, ಅಲುಗಾಡಬೇಡಿ ಎಂದು ಕೂಗಿದರು. ಅರ್ಧ ಗಂಟೆ ಮುಂಚೆ ಸಿಕ್ಕದ ಪದ ಈಗ ಎಲ್ಲರ ಬಾಯಲ್ಲೂ ಇತ್ತು. ಯಾರೋ ರವಿಕೆಗೆ ಕತ್ತರಿ ತಂದರು. ಅತ್ತೆ ಎದೆಯ ಮೇಲೆ ಕೈ ಅಡ್ಡ ಇಟ್ಟುಕೊಂಡು ಹೇಳಿದ್ದು ನನ್ನ ಕಿವಿಯಲ್ಲಿದೆ: “ಕತ್ರಿಸ್ಬ್ಯಾಡ ಕಣವ್ವ, ಒಳ್ಳೇದು. ಬಿಚ್ಕೊಡ್ತೀನಿ ತಾಳು.”

ಸಂಜೆಯ ಹೊತ್ತಿಗೆ ಅತ್ತೆ ಇರಲಿಲ್ಲ.

ಬೇಗ ನೋಡಿದ್ದರೆ ಉಳಿಯುತ್ತಿದ್ದಳೋ ಏನೋ, ಯಾರೂ ಖಂಡಿತವಾಗಿ ಹೇಳಲಿಲ್ಲ. ನಾನೂ ಕೇಳುವುದನ್ನು ಬಿಟ್ಟೆ. ಮರುದಿನ ದೇಹ ತರಲು ಹೋದಾಗ ಮೇಜಿನ ಹತ್ತಿರ ಅದೇ ನರ್ಸು ಹುಡುಗಿ ಇದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಬಯ್ಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ.

“ಅಷ್ಟು ನೀಟಾಗಿ ಬಂದಿದ್ರಲ್ಲ ಮೇಡಂ,” ಅಂದಳು, “ನಂಗೆ ಗೊತ್ತಾಗ್ಲೇ ಇಲ್ಲ.”

ಅವಳ ಕಣ್ಣು ಊದಿಕೊಂಡಿತ್ತು. ಜೋಡಿಸಿಕೊಂಡ ಮಾತು ಬರಲಿಲ್ಲ. ಪಾಠ ಹೇಳುವವಳಲ್ಲವೇ, ಬೇರೆಯದು ಬಂತು. “ನೋಡಮ್ಮ, ನಮ್ಮಂಥ ಮನೆಯವರು ತಲೆ ಬಾಚಿಕೊಂಡು, ಇಸ್ತ್ರಿ ಸೀರೆ ಉಟ್ಟು ಬಂದಿದ್ದಾರೆ ಅಂದರೆ ತುಂಬಾ ಹೆದರಿಕೊಂಡು ಬಂದಿದ್ದಾರೆ ಅಂತ ಅರ್ಥ. ಅಂಥವರನ್ನ ಮೊದಲು ನೋಡು.”

“ನಮ್ಮಮ್ಮನೂ ಹಂಗೇ ಮೇಡಂ,” ಅಂದಳು ಆ ಹುಡುಗಿ, ತಲೆ ತಗ್ಗಿಸಿಕೊಂಡು. ಆಮೇಲೆ ಅವಳೇ ಕೇಳಿದಳು, “ತಿಂಡಿ ಆಯ್ತಾ ಮೇಡಂ?”

ಹಿಂದಿನ ಬೆಳಿಗ್ಗೆಯಿಂದ ನನ್ನ ಹೊಟ್ಟೆಗೆ ನೀರು ಬಿಟ್ಟರೆ ಏನೂ ಬಿದ್ದಿರಲಿಲ್ಲ. ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು.

“ಆಯ್ತಮ್ಮ,” ಅಂದೆ. “ನಿಂದಾಯ್ತಾ?”