ಶ್ಯಾವಿಗೆ ಒಣಗದ ದಿನ

ಗೌರಾಬಾಯಿಗೆ ಯಾರಾದರೂ "ನಿಂಗೇನ ತಿಳೀತದ" ಅಂದರೆ ಮುಗಿಯಿತು, ಅವನ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಕೈಯಲ್ಲಿದ್ದ ಕೆಲಸ ಬಿಟ್ಟು, ಸೆರಗು ನಡಕ್ಕೆ ಸಿಕ್ಕಿಸಿ, ತನಗೆ ತಿಳಿದದ್ದನ್ನೆಲ್ಲ ಅವನಿಗೆ ತಿಳಿಸಿಯೇ ಬಿಡುತ್ತಿದ್ದಳು. ಭೀಮಾ ದಂಡೆಯ ಮಣ್ಣೂರಿನ ಮಗಳು ಆಕೆ. ಲಗ್ನವಾಗಿ ಬಂದದ್ದು ಆಳಂದ ತಾಲೂಕಿನ ಎತ್ತರದ ಮಡ್ಡಿ ನೆಲದ ಮೇಲಿನ ಒಂದು ಸಣ್ಣ ಊರಿಗೆ, ಜಿಡಗಾದಿಂದ ಎರಡು ಹರದಾರಿ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಇಬ್ಬರು ಹೆಣ್ಣುಮಕ್ಕಳು, ಇಳಿಜಾರಿನ ನಾಲ್ಕೆಕರೆ ಎರೆಹೊಲ, ಒಂದೇ ಒಂದು ಎತ್ತು. ಆ ಹೊಲದಲ್ಲಿ ಬೆಳೆದ ಬಿಳಿಜೋಳವೇ ಮೂರು ಹೊಟ್ಟೆಗಳಿಗೆ ವರ್ಷದ ರೊಟ್ಟಿ.

ಆ ಮಡ್ಡಿಯ ಮೇಲೆ ಫಾಲ್ಗುಣ ಮಾಸದ ಹವಾ ನಂಬುವಂಥದ್ದಲ್ಲ. ಮುಂಜಾನೆ ನೆತ್ತಿ ಸುಡುವ ಬಿಸಿಲು, ಮಧ್ಯಾಹ್ನ ಪಡುವಣದಲ್ಲಿ ಕರಿಮೋಡ, ಹೊತ್ತಿಳಿಯುವುದರೊಳಗೆ ಆಲಿಕಲ್ಲು. ಕೆಳಗೆ ಹೊಳೆಸಾಲಿನ ಊರುಗಳಿಗೆ ಹನಿ ನೀರು ಬೀಳದ ದಿನ ಮೇಲೆ ಹೆಂಚು ಒಡೆದು ಹೋಗುತ್ತಿದ್ದವು. ಕೊಯ್ದ ಜೋಳದ ತೆನೆ ಕಣದಲ್ಲಿ ಬಿದ್ದಿರುವುದೂ ಅದೇ ಹೊತ್ತಿಗೆ. ಒಮ್ಮೆ ನೆನೆಯಿತೋ, ಕಾಳು ಕಪ್ಪಾಗುತ್ತದೆ, ರೊಟ್ಟಿ ಕಹಿಯಾಗುತ್ತದೆ.

ಹಾಗಿದ್ದರೂ ಊರಿನಲ್ಲಿ ಒಂದು ರಿವಾಜಿತ್ತು. ಮೇಟಿಕಂಬದ ಸುತ್ತ ಎತ್ತು ತಿರುಗಿಸಿ ತೆನೆ ತುಳಿಸುವ ಹಂತಿ ಮೊದಲು ಗೌಡರ ಕಣದಲ್ಲೇ ಆಗಬೇಕು, ಆಮೇಲೆ ಉಳಿದವರದು. ಗೌಡರು ಹಣಮಂತರಾಯರು ಪಂಚಾಂಗ ತೆಗೆಸಿ ನೋಡಿ ದಿನ ಇಡುತ್ತಿದ್ದರು. ಎಪ್ಪತ್ತೆಂಟನೆಯ ಇಸವಿಯಲ್ಲಿ ಇಟ್ಟ ದಿನ ಹೋಳಿಹುಣ್ಣಿಮೆಯ ಮೂರನೆಯ ದಿನ.

ಹುಣ್ಣಿಮೆಗೆ ಇನ್ನೂ ಎಂಟು ದಿನವಿರುವಾಗ ಗೌರಾಬಾಯಿ ಮತ್ತು ಬಾಜೂಮನೆಯ ಖುರ್ಷಿದಬೇಗಂ ಕೂಡಿ ಶ್ಯಾವಿಗೆ ಮಾಡುತ್ತಿದ್ದರು. ಆಕೆ ಹೊಸೆದರೆ ಈಕೆ ಗಳದ ಮೇಲೆ ಹರವುವುದು. ಆ ಬಿಸಿಲಿಗೆ ಹತ್ತು ಗಂಟೆಯೊಳಗೆ ಎಳೆ ಮುಟ್ಟಿದರೆ ಪಟ್ಟನೆ ಮುರಿಯಬೇಕು. ಅವತ್ತು ಮೂರು ಗಂಟೆಯಾದರೂ ಜೋತುಬಿದ್ದೇ ಇದ್ದವು.

"ಖುರ್ಷಿದಾ, ಮುಟ್ಟಿ ನೋಡಬೇ. ಇನ್ನಾ ಮೆತ್ತಗ ಅದಾವ."

"ಹಿಟ್ಟಿಗೆ ನೀರು ಜ್ಯಾದಾ ಆಗಿರಬೇಕು ಬಿಡ್ರಿ ಅಕ್ಕಾ."

"ನೀರು ಹಾಕಿದಾಕಿ ನಾನು. ನಿನ್ನೆ ಇದೇ ಹಿಟ್ಟು ಹೊತ್ತೇರೂದ್ರೊಳಗ ಒಣಗಿತ್ತು. ಹವಾದಾಗ ನೀರು ಸೇರ್ಯದ. ನಾಕೈದು ದಿನದಾಗ ಆಲಿಕಲ್ಲ ಬೀಳೂದು ಪಕ್ಕಾ."

ಹಿಟ್ಟಿನ ಕೈ ತೊಳೆಯದೆಯೇ ಗೌಡರ ಕಟ್ಟೆಗೆ ಹೋದಳು. ಆಲಿಕಲ್ಲು ಬೀಳುವ ಮೊದಲೇ ಹಂತಿ ಹೂಡಿರಿ ಎಂದು ಹೇಳಿದಳು. ಕಟ್ಟೆಯ ಮೇಲಿದ್ದ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಪಂಚಾಂಗ ಬಿಟ್ಟು ಶ್ಯಾವಿಗಿ ನೋಡಿ ಹಂತಿ ಹೂಡಬೇಕೇನು ಗೌರಾಬಾಯಿ?" ಅಂದರು ಹಣಮಂತರಾಯರು. ಕೆಟ್ಟ ಮನುಷ್ಯರೇನಲ್ಲ, ಆದರೆ ನಗುವವರ ನಡುವೆ ಕೂತಿದ್ದರು. "ಹೊಳಿದಂಡಿಯಾಕಿ ನೀ. ಮಡ್ಡಿ ಹವಾ ನಿಂಗೇನ ತಿಳೀತದ?"

ಅಂದೇಬಿಟ್ಟರಲ್ಲ! ಗೌರಾಬಾಯಿ ಒಂದು ಮಾತೂ ಆಡದೆ ತಿರುಗಿ ನಡೆದಳು. ಮಾತಾಡದೆ ಹೋದದ್ದು ನೋಡಿ, ಹಿಂದೆಯೇ ಬಂದಿದ್ದ ಖುರ್ಷಿದಬೇಗಂಗೆ ಇದು ಇಲ್ಲಿಗೆ ಮುಗಿಯುವುದಿಲ್ಲವೆಂದು ಗೊತ್ತಾಯಿತು. ಮರುದಿನ ಮುಂಜಾನೆ ತಾಯಿ, ಇಬ್ಬರು ಮಕ್ಕಳು, ಖುರ್ಷಿದಬೇಗಂ, ನಾಲ್ವರೂ ಕಣದಲ್ಲಿ ಕೂತು ಬಡಿಗೆಯಿಂದ ತೆನೆ ಬಡಿಯತೊಡಗಿದರು. ಗೌಡರ ಕಡೆಯವನೊಬ್ಬ ಓಡಿಬಂದ.

"ಏನ್ ಮಾಡಾಕತ್ತೀಯಬೇ? ರಿವಾಜ ಗೊತ್ತಿಲ್ಲೇನು?"

"ಹಂತಿ ಹೂಡೀನೇನು? ಎತ್ತು ಕಾಣ್ತದೇನು ನಿನ್ನ ಕಣ್ಣಿಗೆ? ಬಡಿಗಿ ಹಿಡದೀನಿ. ಬಡಿಗಿಗೆ ಯಾವ ರಿವಾಜ ಅದ ಹೇಳು, ಇಲ್ಲಂದ್ರ ಹಾದಿ ಹಿಡಿ!"

ನಾಲ್ಕು ದಿನ ಬಡಿದರು. ಅಂಗೈ ಬೊಬ್ಬೆಯೆದ್ದು ಒಡೆದವು. ನಾಲ್ಕನೆಯ ದಿನ ಸಂಜೆ ಕೊನೆಯ ಚೀಲ ಮನೆಯೊಳಗೆ ಬಿತ್ತು. ಐದನೆಯ ದಿನ ಮಧ್ಯಾಹ್ನ ಗಾಳಿ ನಿಂತಿತು, ಪಡುವಣ ಕಪ್ಪಾಯಿತು, ನಿಂಬೆಹಣ್ಣಿನಷ್ಟು ದಪ್ಪ ಆಲಿಕಲ್ಲು ಅರ್ಧ ತಾಸು ಸುರಿಯಿತು. ಊರಿನ ಕಣಗಳೆಲ್ಲ ಕೆಸರಾದವು. ಗೌರಾಬಾಯಿ ಹೊಸ್ತಿಲಲ್ಲಿ ಕೂತು ಅತ್ತಳು. ತನ್ನದು ಉಳಿಯಿತೆಂಬ ಸಂತೋಷಕ್ಕಲ್ಲ, ಊರಿನ ಅಷ್ಟು ಅನ್ನ ಕಣ್ಣೆದುರಿಗೆ ಹಾಳಾಯಿತೆಂದು.

ಇನ್ನು ಬಂದು ಕ್ಷಮೆ ಕೇಳುತ್ತಾರೆ ಅಂದುಕೊಂಡಿರೇನು? ಊರು ಹೇಳಿದ್ದೇ ಬೇರೆ. ಗೌಡರಿಗಿಂತ ಮೊದಲು ತೆನೆ ಬಡಿದಳು, ಅದಕ್ಕೇ ಆಲಿಕಲ್ಲು ಬಿತ್ತು! ಮುಂಚೆಯೇ ಹೇಳಿದ್ದಳಲ್ಲ, ಕರೆದದ್ದು ಆಕೆಯೇ! ಚಾವಡಿಗೆ ಕರೆಸಿದರು. ಕಾಳು ತಂದು ಗೌಡರ ಕಣದಲ್ಲಿ ಸುರಿಯಬೇಕು, ತಪ್ಪಾಯಿತು ಅನ್ನಬೇಕು, ಮತ್ತೆ ತುಂಬಿಕೊಂಡು ಹೋಗಬೇಕು. ಅಷ್ಟೇ. ಇಲ್ಲವಾದರೆ ಮುಯ್ಯಿ ಬಂದ್. ಅಂದರೆ ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಕೊಡುಕೊಳ್ಳಿಗೆ ಆಕೆಯನ್ನು ಸೇರಿಸುವುದಿಲ್ಲ. ಹಂತಿಗೆ ಒಂದು ಎತ್ತನ್ನೂ ಯಾರೂ ಕೊಡುವುದಿಲ್ಲ.

"ಒಂದ್ ಮಾತು ಅಂದ್ಬಿಡ್ರಿ ಅಕ್ಕಾ, ನಿಮ್ಮ ಗಂಟೇನು ಹೋಗ್ತದ?" ಎಂದು ಖುರ್ಷಿದಬೇಗಂ ಬೆನ್ನ ಹಿಂದಿನಿಂದ ಸೆರಗು ಜಗ್ಗಿದಳು.

ಗೌರಾಬಾಯಿ ಮುಂದೆ ಬಂದಳು. "ನಿಮ್ಮ ಕಟ್ಟಿಗೆ ಬಂದು ಹೇಳ್ದಾಕಿ ನಾನು. ನಕ್ಕವರು ನೀವು. ಈಗ ತಪ್ಪು ನಂದೇನು? ಆಲಿಕಲ್ಲ ತರಸೂ ತಾಕತ್ತು ನಂಗಿದ್ರ ನಿಮ್ಮ ಚಾವಡಿ ಹೆಂಚು ಇಷ್ಟೊತ್ತಿಗೆ ಉಳೀತಿದ್ದವೇನು? ಒಂದು ಕಾಳೂ ಸುರವಂಗಿಲ್ಲ, ಒಂದು ಮಾತೂ ಅನ್ನಂಗಿಲ್ಲ. ಮುಯ್ಯಿ ಬಂದ್ ಮಾಡ್ರಿ, ಏನ್ ಬೇಕಾದ್ದು ಬಂದ್ ಮಾಡ್ರಿ!"

ಬಂದ್ ಮಾಡಿದರು. ಬಿತ್ತಿಗೆಗೆ ಯಾರೂ ಬರಲಿಲ್ಲ. ತನ್ನ ಒಂಟಿ ಎತ್ತಿಗೆ ಖುರ್ಷಿದಬೇಗಂಳ ಎಮ್ಮೆ ಕಟ್ಟಿ ಕೂರಿಗೆ ಹೂಡಿದಳು. ನಕ್ಕವರು ನಕ್ಕರು, ಈಕೆ ಬಿತ್ತಿದಳು. ಆ ವರ್ಷ ಜೋಳ ಆಳೆತ್ತರ ಬಂತು, ತೆನೆ ಮುಷ್ಟಿಯಲ್ಲಿ ಹಿಡಿಯದಷ್ಟು ತುಂಬಿದವು. ಆದರೆ ಅಷ್ಟನ್ನೂ ಬಡಿಯುವಷ್ಟು ಕೈ ಉಳಿದಿರಲಿಲ್ಲ. ಹಿರಿಯ ಮಗಳು ಗಂಡನ ಮನೆಗೆ ಹೋಗಿದ್ದಳು, ಗೌರಾಬಾಯಿಯ ಬಲಗೈ ಹೆಗಲಿನ ಮೇಲಕ್ಕೆ ಏಳುತ್ತಿರಲಿಲ್ಲ. ಎತ್ತಿಲ್ಲದೆ ಈ ಸಲ ಆಗದ ಮಾತು ಎಂದು ಆಕೆಗೂ ಗೊತ್ತಿತ್ತು.

ಶಿವರಾತ್ರಿ ದಾಟಿತು. ಒಂದು ಮಧ್ಯಾಹ್ನ ಗಳದ ಮೇಲಿನ ಶ್ಯಾವಿಗೆ ಮತ್ತೆ ಒಣಗಲಿಲ್ಲ. ಗೌರಾಬಾಯಿ ಎದೆ ಗಟ್ಟಿ ಮಾಡಿಕೊಂಡು ಮರುದಿನ ಮುಂಜಾನೆ ಕಣದಲ್ಲಿ ಮೇಟಿಕಂಬ ನೆಟ್ಟಳು. ತೆನೆ ಹರವಿದಳು. ಖುರ್ಷಿದಬೇಗಂಳ ಎಮ್ಮೆ ತುಂಬು ಗಬ್ಬವಾಗಿತ್ತು, ಒಂದೇ ಎತ್ತನ್ನು ಹಗ್ಗಕ್ಕೆ ಕಟ್ಟಿ ತಿರುಗಿಸಿದಳು. ಆ ಲೆಕ್ಕದಲ್ಲಿ ಹತ್ತು ದಿನ ಬೇಕು.

ಹೊತ್ತೇರುವ ವೇಳೆಗೆ ಕಣದ ಅಂಚಿನಲ್ಲಿ ಎತ್ತಿನ ಗೆಜ್ಜೆ ಸದ್ದಾಯಿತು. ಗೌಡರ ತಾಯಿ ಸುಭದ್ರಾಬಾಯಿ, ಎಪ್ಪತ್ತರ ಮುದುಕಿ, ಕೋಲೂರಿಕೊಂಡು ನಿಂತಿದ್ದಳು. ಹಿಂದೆ ಮನೆಯ ಆಳು ಸರ್ದಾರ, ಅವನ ಕೈಯಲ್ಲಿ ಎರಡು ಜೋಡಿ ಎತ್ತು.

"ಹೋದ ವರ್ಷದ ಕರೀ ರೊಟ್ಟಿ ತಿಂದು ತಿಂದು ಬಾಯಿ ಕೆಟ್ಟದಬೇ," ಅಂದಳು ಮುದುಕಿ. "ಮಗಗ ಹೇಳಿ ಬಂದೀನಿ. ಇವನ್ನ ಹೂಡು. ಯಾರರೆ ಕೇಳಿದ್ರ, ಗೌಡರು ಈ ವರ್ಷ ತಮ್ಮ ಹಂತಿ ನನ್ನ ಕಣದಾಗ ಹೂಡ್ಯಾರ ಅಂತ ಹೇಳು. ರಿವಾಜೂ ಉಳೀತದ, ನಿನ್ನ ಜ್ವಾಳಾನೂ ಉಳೀತದ."

ಗೌರಾಬಾಯಿ ಪಡುವಣದ ಕಡೆ ನೋಡಿದಳು. ಅಂಚಿನಲ್ಲಿ ಆಗಲೇ ಮಬ್ಬು ಹತ್ತಿತ್ತು. ಹೂಂ ಅಂದರೆ ನಾಳೆ ಸಂಜೆಯೊಳಗೆ ರಾಶಿ ಮನೆ ಸೇರುತ್ತದೆ. ಕಿರಿಮಗಳು ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಹಂಗ ಅನ್ನಂಗಿಲ್ರಿ ಯವ್ವಾ," ಅಂದಳು ಗೌರಾಬಾಯಿ. "ಇದು ನನ್ನ ಹಂತಿ. ದಿನ ಇಟ್ಟಾಕಿನೂ ನಾನ. ಗೌಡರ ಎತ್ತು ಗೌರಾಬಾಯಿ ಕಣಕ್ಕ ಮುಯ್ಯಿಗೆ ಬಂದಾವ ಅಂತಿದ್ರ ಹೂಡ್ರಿ. ನಾಡದು ನಿಮ್ಮ ಕಣಕ್ಕ ನಾನೂ ನನ್ನ ಎತ್ತು ಹೊಡಕೊಂಡು ಬರ್ತೇನಿ. ಇಲ್ಲಂದ್ರ ತಿರುಗಿಸ್ಕೊಂಡು ಹೋಗ್ರಿ."

ಸರ್ದಾರ ಹಗ್ಗ ಹಿಡಿದು ನಿಂತಲ್ಲೇ ನಿಂತ. ಮುದುಕಿ ಗೌರಾಬಾಯಿಯನ್ನು ಮೇಲಿಂದ ಕೆಳಗೆ ನೋಡಿದಳು, ಒಡೆದು ಗಂಟುಕಟ್ಟಿದ ಅಂಗೈಗಳನ್ನು ನೋಡಿದಳು. ಆಮೇಲೆ ಕೋಲು ಎತ್ತಿ ಕಂಬದ ಕಡೆ ತೋರಿಸಿದಳು.

"ಹೂಡಲೇ ಸರ್ದಾರಾ. ಮುಯ್ಯಿಗೆ ಬಂದೇವಿ."